ಪರ್ಮನೆಂಟ್ ತಂಡ ಸೋತ ದಿನ

ಶಾಹಿನಾ, ಆ ವಿಡಿಯೋ ತೆಗೆದವಳು ನಾನು. ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದವಳೂ ನಾನೇ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದವಳೂ ನಾನೇ. ಇಷ್ಟು ವರ್ಷ ನೀನು ಯಾರು ಯಾರನ್ನೋ ಅನುಮಾನಿಸಿರಬಹುದು — ಸೆಕ್ಯುರಿಟಿಯವನನ್ನು, ಕಾಂಟ್ರಾಕ್ಟರ್ ಕಡೆಯವರನ್ನು, ಪಾಪ, ಆ ಮೇರಿಯನ್ನೂ ಇರಬಹುದು. ಅವರು ಯಾರೂ ಅಲ್ಲ. ನಿನ್ನ ಮಂಜಕ್ಕ.

ಇದನ್ನು ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಎದ್ದುಬಿಡುತ್ತಿದ್ದೆ. ಅನ್ನಕ್ಕಿಡಬೇಕು, ನೀರು ಹಿಡಿಯಬೇಕು, ಏನೋ ಒಂದು ನೆಪ. ಇವತ್ತು ಮೊದಲ ಸಾಲು ದಾಟಿದ್ದೇನೆ — ಇನ್ನು ನಿಲ್ಲಿಸಬಾರದು. ನಿನ್ನ ಜೊತೆಗೆ ಬೇರೆಯವರೂ ಇದನ್ನು ಓದಬೇಕು ಅಂತ ನನ್ನ ಇಚ್ಛೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಬೊಮ್ಮಸಂದ್ರದ ಆ ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ನಾನು ಪರ್ಮನೆಂಟ್, ನೀನು ಕಾಂಟ್ರಾಕ್ಟ್. ಕೂರುತ್ತಿದ್ದದ್ದು ಒಂದೇ ಬೆಲ್ಟಿನ ಮುಂದೆ, ಅಕ್ಕಪಕ್ಕ. ಎದುರಿಗೆ ಸಾಗುವ ಮಾತ್ರೆಯ ಪಟ್ಟಿಗಳಲ್ಲಿ ಎಲ್ಲಿ ಒಂದು ಗುಳಿ ಖಾಲಿಯಿದೆಯೋ ಅಂಥದ್ದನ್ನು ಹೆಕ್ಕಿ ಹೊರಗೆ ಹಾಕುವುದು ಇಬ್ಬರದೂ ಕೆಲಸ. ಆದರೆ ನನ್ನ ಕೋಟು ನೀಲಿ, ನಿನ್ನದು ಬೂದು. ಕಂಪನಿ ಬಸ್ಸಿನಲ್ಲಿ ನನಗೆ ಸೀಟು, ನಿನಗೆ ಮಿಕ್ಕಿದರೆ ಸೀಟು. ನಾನು ನಿನಗೆ ಜಾಗ ಹಿಡಿದಿಡುತ್ತಿದ್ದೆ. ಇದು ನನ್ನ ಒಳ್ಳೆಯತನದ ಸಾಕ್ಷಿಯಲ್ಲ. ನಾವು ಎಷ್ಟು ಹತ್ತಿರ ಇದ್ದೆವು ಅಂತ ಓದುವವರಿಗೆ ತಿಳಿಯಲಿ ಅಂತ ಹೇಳುತ್ತಿದ್ದೇನೆ. ನಿನ್ನ ಮಗಳು ಆಯಿಷಾ ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದಳು.

ಅಡ್ಡಹೆಸರು ಇಡುವುದು ನನಗೆ ಮೊದಲಿನಿಂದಲೂ ಚಟ. ಎಚ್‌ಆರ್ ಸಾಹೇಬರಿಗೆ ‘ನೋಡೋಣ’ ಅಂತ ಇಟ್ಟಿದ್ದೆ. ಏನು ಕೇಳಿದರೂ ಅವರ ಬಾಯಲ್ಲಿ ಅದೊಂದೇ ಮಾತು. ಸೂಪರ್‌ವೈಸರ್ ‘ಗೂಬೆ’. ವರ್ಷಕ್ಕೊಮ್ಮೆ ಕಂಪನಿಯ ಕ್ರೀಡಾದಿನದಲ್ಲಿ ಹೆಂಗಸರ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿತ್ತಲ್ಲ, ಪರ್ಮನೆಂಟ್‌ನವರಿಗೂ ಕಾಂಟ್ರಾಕ್ಟ್‌ನವರಿಗೂ — ಆ ಎರಡು ತಂಡಕ್ಕೆ ಹೆಸರಿಟ್ಟವಳೂ ನಾನೇ. ನಾವು ಇಂಡಿಯಾ, ನೀವು ಪಾಕಿಸ್ತಾನ. ಕ್ಯಾಂಟೀನಿನ ಟೀವಿಯಲ್ಲಿ ಆ ಎರಡು ದೇಶದ ಪಂದ್ಯ ನೋಡುತ್ತಿರಲಿಲ್ಲವೇ? ಗಂಡಸರ ಪಂದ್ಯವಾದರೆ ಎದೆ ಡವಡವ ಅನ್ನುತ್ತದೆ, ಹೆಂಗಸರದ್ದು ಹಾಗಲ್ಲ. ಒಂದು ದಿನದ ಪಂದ್ಯದಲ್ಲಿ ನಮ್ಮ ಹುಡುಗಿಯರು ಅವರ ಕೈಲಿ ಸೋತದ್ದೇ ಇಲ್ಲ. ಟಾಸ್ ಹಾಕುವಾಗಲೇ ಮುಂದಿನದ್ದು ಗೊತ್ತಿರುತ್ತಿತ್ತು, ಊಟ ಮುಗಿಸಿ ಎದ್ದು ಹೋಗುತ್ತಿದ್ದೆವು.

ನಮ್ಮ ಕಂಪನಿಯಲ್ಲೂ ಅದೇ ಕತೆ. ನಮಗೆ ಶೂ, ಹೆಸರು ಬರೆಸಿದ ಟೀ ಶರ್ಟು, ಕೆಲಸದ ಹೊತ್ತಿನಲ್ಲೇ ಅಭ್ಯಾಸಕ್ಕೆ ಬಿಡುವು. ನಿಮ್ಮದು ಪ್ರತಿ ವರ್ಷ ಹೊಸ ತಂಡ, ಯಾಕೆಂದರೆ ಹಿಂದಿನ ವರ್ಷ ಆಡಿದವರಲ್ಲಿ ಅರ್ಧ ಜನರನ್ನು ಅಷ್ಟರಲ್ಲಿ ಕೆಲಸದಿಂದ ಬಿಡಿಸಿರುತ್ತಿದ್ದರು. ಚಪ್ಪಲಿ ಕಳಚಿಟ್ಟು, ಸೆರಗೋ ದುಪಟ್ಟಾವೋ ಸೊಂಟಕ್ಕೆ ಬಿಗಿದು ಬರುತ್ತಿದ್ದಿರಿ. ಸೋಲುತ್ತಿದ್ದಿರಿ.

ಆ ಹೆಸರು ಅಂಟಿಕೊಂಡುಬಿಟ್ಟಿತು. ಕಾಂಟ್ರಾಕ್ಟಿನ ಮೇರಿ, ಲಕ್ಷ್ಮಿ, ನೀನು — ಎಲ್ಲರೂ ಪಾಕಿಸ್ತಾನವೇ. “ಪಾಕಿಸ್ತಾನದೋರು ಊಟಕ್ಕೆ ಬಂದ್ರು, ದಾರಿ ಬಿಡ್ರೇ!” ಅಂತ ನಾನು ಕೂಗಿದರೆ ಲಕ್ಷ್ಮಿಯೇ ಎಲ್ಲರಿಗಿಂತ ಮೊದಲು ನಗುತ್ತಿದ್ದಳು. ನೀನು ನಗುತ್ತಿದ್ದೆಯಾ? ಎಷ್ಟು ನೆನಪು ಮಾಡಿಕೊಂಡರೂ... ಇಲ್ಲ, ನಿನ್ನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಒಂದು ದಿನ ಟೀವಿಯಲ್ಲಿ ಪಾಕಿಸ್ತಾನದ ಹುಡುಗಿಯರು ಮತ್ತೆ ಸೋಲುತ್ತಿದ್ದಾಗ, “ಯಾಕಾದ್ರೂ ಆಡಕ್ಕೆ ಬರ್ತಾರೋ ಇವ್ರು” ಅಂದೆ. ನೀನು ತಟ್ಟೆಯಿಂದ ತಲೆ ಎತ್ತದೆ, “ಸೋಲ್ತೀವಿ ಅಂತ ಗೊತ್ತಿದ್ರೂ ಬರ್ತಾರಲ್ಲ ಅಕ್ಕ, ಸುಮ್ನೇನಾ?” ಅಂದೆ. ನಾನು ಅದನ್ನೂ ತಮಾಷೆ ಮಾಡಿ ತಳ್ಳಿಹಾಕಿದೆ.

ಪ್ರತಿ ಸಲ ಸೋತ ಮೇಲೆ ನೀನು ನೇರವಾಗಿ ನನ್ನ ಹತ್ತಿರ ಬಂದು ಕೈ ಚಾಚುತ್ತಿದ್ದೆ. “ಮುಂದಿನ್ ವರ್ಷ ನೋಡ್ಕೊಳ್ತೀನಿ ಮಂಜಕ್ಕ.” ನಾನು ಕೈ ಕುಲುಕಿ, ಬೆನ್ನಿಗೊಂದು ಗುದ್ದಿ ಕಳಿಸುತ್ತಿದ್ದೆ. ಗೆದ್ದು ನಿಂತವಳಿಗೆ ಕೈ ಕುಲುಕುವುದು ಏನು ಮಹಾ ಕಷ್ಟ!

ಆ ವರ್ಷ ನೀವು ಗೆದ್ದಿರಿ. ಆಯಿಷಾ ಶಾಲೆಯಲ್ಲಿ ಬೌಲಿಂಗ್ ಕಲಿತು ಬಂದು, ಸಂಜೆ ಹೊತ್ತು ಮನೆ ಹಿಂದಿನ ಖಾಲಿ ಸೈಟಿನಲ್ಲಿ ನಿನಗೂ ಕಲಿಸಿದ್ದಳಂತೆ. ನೀನು ನನ್ನನ್ನೇ ಬೌಲ್ಡ್ ಮಾಡಿದೆ. ಆಗಲೂ ನನಗೆ ಅಷ್ಟೇನೂ ಅನ್ನಿಸಲಿಲ್ಲ; ಹೇಗೂ ನಾವೇ ಗೆಲ್ಲುವವರು ಅಂತ ಕುರ್ಚಿಯಲ್ಲಿ ಕೂತು ಕೊನೆಯ ಓವರನ್ನು ಫೋನಿನಲ್ಲಿ ಹಿಡಿಯತೊಡಗಿದೆ. ನಾನೊಬ್ಬಳೇ ಅಲ್ಲ, ಸುತ್ತ ಎಲ್ಲರ ಕೈಯಲ್ಲೂ ಫೋನಿತ್ತು. ನನ್ನ ವಿಡಿಯೋದ ಶುರುವಿನಲ್ಲಿ ನನ್ನದೇ ದನಿ ಇದೆ — “ಏ ಪಾಕಿಸ್ತಾನ, ಅಳಕ್ಕೆ ರೆಡಿ ಆಗ್ರೇ!” ಆಮೇಲೆ ನಿನ್ನ ಬಾಲಿಗೆ ನಮ್ಮ ಕೊನೆಯ ವಿಕೆಟ್ ಬೀಳುತ್ತದೆ. ನಿಮ್ಮವರೆಲ್ಲ ಓಡಿಬಂದು ನಿನ್ನನ್ನು ಮುತ್ತಿಕೊಳ್ಳುತ್ತಾರೆ. “ಪಾಕಿಸ್ತಾನ ಗೆದ್ತು! ಪಾಕಿಸ್ತಾನ ಗೆದ್ತು!” ನಾನು ವರ್ಷಗಟ್ಟಲೆ ಚುಚ್ಚಿದ ಹೆಸರನ್ನೇ ಎತ್ತಿ ನನ್ನ ಮುಖಕ್ಕೆ ಎಸೆಯುತ್ತಿದ್ದರು. ಮೇರಿಯ ದನಿಯೇ ಎಲ್ಲಕ್ಕಿಂತ ಜೋರು. ನೀನೂ ಕೂಗುತ್ತಿದ್ದೆ. ಆಮೇಲೆ ಗುಂಪಿನಿಂದ ಬಿಡಿಸಿಕೊಂಡು ನನ್ನ ಕಡೆಗೆ ಬಂದೆ — ನಗುತ್ತಾ, ಏದುಸಿರು ಬಿಡುತ್ತಾ, ಕೈ ಮುಂದೆ ಚಾಚಿಕೊಂಡು.

ನಾನು ಕೈ ಕೊಡಲಿಲ್ಲ. ಒಂದು ಕೈಯಲ್ಲಿ ಫೋನಿತ್ತು, ನಿಜ. ಇನ್ನೊಂದು ಖಾಲಿಯೇ ಇತ್ತು.

ಬಹುಮಾನ ಕೊಡುವಾಗ ಮ್ಯಾನೇಜರು, “ಏನಮ್ಮ ಇಂಡಿಯಾ, ಮಾನ ಕಳೆದ್ಬಿಟ್ರಲ್ಲ!” ಅಂದರು. ಎಲ್ಲರೂ ನಕ್ಕರು. ಮನೆಗೆ ಬಂದರೆ ಮೈದುನ ಆಗಲೇ ಸುದ್ದಿ ತಿಳಿದು ಕಾಯುತ್ತಿದ್ದ. “ಏನತ್ಗೆ, ಪಾಕಿಸ್ತಾನದೋರ ಕೈಲಿ ಒದೆ ತಿಂದ್ಬಂದ್ರಂತೆ? ಇಂಗಾಗ್ಬಾರ್ದಿತ್ತು ಬಿಡಿ.” ಬೇರೆಯವರನ್ನು ಆಡಿಕೊಳ್ಳುವವಳಿಗೆ ತನ್ನನ್ನು ಆಡಿಕೊಂಡರೆ ತಡೆಯಲು ಬರುವುದಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು ಶಾಹಿನಾ, ಬರಿಗಾಲಲ್ಲಿ ಬಂದು ಗೆದ್ದೆಯಲ್ಲ ಅಂತ.

ಕುಕ್ಕರ್ ಇಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಮೊದಲು ವಿಡಿಯೋದಿಂದ ನನ್ನ ದನಿಯನ್ನು ಕತ್ತರಿಸಿದೆ. ಆಮೇಲೆ ನೀನು ಕೈ ಚಾಚಿ ಬರುವ ಕೊನೆಯನ್ನು. ಅಕ್ಕಪಕ್ಕದ ಮೇರಿ, ಲಕ್ಷ್ಮಿ ಹೊರಗುಳಿಯುವಂತೆ ಚೌಕಟ್ಟನ್ನು ನಿನ್ನ ಮುಖದ ಸುತ್ತ ಕಿರಿದು ಮಾಡಿದೆ. ಕೊನೆಗೆ ಉಳಿದದ್ದು ಇಷ್ಟು — ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಪಾಕಿಸ್ತಾನ ಗೆದ್ದಿತು ಅಂತ ಕೂಗಿ ಕುಣಿಯುವುದು. ‘ನಮ್ಮ ಕಂಪನಿಯಲ್ಲಿ ಎಂಥವರಿದ್ದಾರೆ ನೋಡಿ’ ಅಂತ ಬರೆದು ಕಳಿಸಿದೆ. ಆಮೇಲೆ ಸಾರಿಗೆ ಒಗ್ಗರಣೆ ಹಾಕಿದೆ.

ತಮಾಷೆಗೆ ಮಾಡಿದ್ದು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ತಮಾಷೆಯೇ ಆಗಿದ್ದರೆ ನನ್ನ ದನಿಯನ್ನು ಯಾಕೆ ತೆಗೆದೆ? ಜಾತಿ, ಧರ್ಮ ಅಂತ ನೋಡಿದವಳಲ್ಲ ನಾನು ಅಂತಲೂ ಹೇಳಿಕೊಂಡೆ. ಆದರೆ ಅಷ್ಟು ಹೆಂಗಸರಲ್ಲಿ ಯಾರನ್ನು ಉಳಿಸಿ ಯಾರನ್ನು ತೆಗೆಯಬೇಕು ಅಂತ ನನ್ನ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿನ್ನೊಬ್ಬಳನ್ನು ಉಳಿಸಿದರೆ ಸಾಕು ಅಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ನನ್ನ ಬಗ್ಗೆ ಇದನ್ನು ತಿಳಿದುಕೊಂಡು ಬದುಕುವುದು ಕಷ್ಟವಾಗಿದೆ, ಆದರೆ ತಿಳಿದಿದ್ದೇನೆ.

ಆ ವಿಡಿಯೋ ಕೈಯಿಂದ ಕೈಗೆ ದಾಟಿ ಎಲ್ಲೆಲ್ಲಿಗೆ ಹೋಯಿತೋ, ಮೊದಲು ಹಾಕಿದವರು ಯಾರು ಅಂತ ಕಂಪನಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಎರಡನೆಯ ದಿನವೇ ಕಂಪನಿ ಗೇಟಿನ ಮುಂದೆ ಹುಡುಗರು ಬೈಕು ಅಡ್ಡ ನಿಲ್ಲಿಸಿಕೊಂಡು ನಿನ್ನ ಹೆಸರು ಕೇಳುತ್ತಿದ್ದರು. ಎಚ್‌ಆರ್ ಸಾಹೇಬರು ನಿನ್ನನ್ನು ಕರೆಸಿದರು. ನೀನು ಹೆದರಿರಲಿಲ್ಲ. “ಅದು ನಮ್ ಟೀಮಿನ ಹೆಸ್ರು ಸಾರ್. ಬೇಕಾದ್ರೆ ಮಂಜಕ್ಕನ್ನ ಕೇಳಿ, ಹೆಸ್ರಿಟ್ಟಿದ್ದೇ ಅವ್ರು” ಅಂದೆಯಂತೆ. ನನ್ನನ್ನು ಕರೆದರು. ನೀನು ಗೋಡೆಗೆ ಒತ್ತಿ ನಿಂತಿದ್ದೆ. ನಾನು ಒಳಗೆ ಬಂದ ಕೂಡಲೇ ನಿನ್ನ ಮುಖ ಹಗುರಾದದ್ದನ್ನು ನೋಡಿದೆ.

ಆವತ್ತು ಸಾಹೇಬರು ನೋಡೋಣ ಅನ್ನಲಿಲ್ಲ. “ಕಾಂಟ್ರಾಕ್ಟ್‌ನೋರು ಹೇಳಿದ್ರೆ ಹೊರಗಡೆ ಯಾರೂ ನಂಬಲ್ಲ ಕಣಮ್ಮ. ನೀವು ಪರ್ಮನೆಂಟು, ಮೇಲಾಗಿ ಕ್ಯಾಪ್ಟನ್ನು. ಅದು ಟೀಮ್ ಹೆಸ್ರು ಅಂತ ನೀವೊಂದ್ ಮಾತು ಹೇಳಿದ್ರೆ ನಾನು ಗೇಟಲ್ಲಿ ಹೋಗಿ ಮಾತಾಡ್ತೀನಿ, ಇವ್ಳ ಕೆಲ್ಸ ಉಳಿಯುತ್ತೆ. ಹೇಳಿ, ಹೌದಾ ಅಲ್ವಾ?”

ಒಂದು ಮಾತು. ಹೆಸರಿಟ್ಟವಳು ನಾನು ಅಂದರೆ, ವಿಡಿಯೋ ಯಾರದು ಅನ್ನುವ ಪ್ರಶ್ನೆ ಬರುತ್ತದೆ... ಫೋನ್ ತೋರಿಸಿ ಅಂದರೆ...

“ನಂಗೊತ್ತಿಲ್ಲ ಸಾರ್. ನಾನು ದೂರ ಕೂತಿದ್ದೆ.”

ನೀನು “ಅಕ್ಕ...” ಅಂದೆ. ಅಷ್ಟೇ. ಅಂದೇ ನಿನ್ನ ಗೇಟ್ ಪಾಸ್ ಕಿತ್ತುಕೊಂಡರು. ಮನೆ ಓನರಿನ ಫೋನಿಗೂ ಅದೇ ವಿಡಿಯೋ ಬಂದಿತ್ತು. ವಾರ ಕಳೆಯುವುದರೊಳಗೆ ನೀನು ಸಾಮಾನು ಕಟ್ಟಿಕೊಂಡು ಹೋದೆ ಅಂತ ಲಕ್ಷ್ಮಿ ಹೇಳಿದಳು. ಬೆಲ್ಟಿನಲ್ಲಿ ನನ್ನ ಪಕ್ಕಕ್ಕೆ ಬೇರೊಬ್ಬಳು ಬಂದಳು. ಮಾರನೆಯ ವರ್ಷ ಹೆಂಗಸರ ಕ್ರಿಕೆಟ್ ನಿಲ್ಲಿಸಿ ರಂಗೋಲಿ ಸ್ಪರ್ಧೆ ಇಟ್ಟರು. ಅದರಲ್ಲಿ ನನಗೆ ಎರಡನೆಯ ಬಹುಮಾನ ಬಂತು, ಹೋಗಿ ತೆಗೆದುಕೊಂಡೆ.

ಕಳೆದ ವರ್ಷ ಟೀವಿಯಲ್ಲಿ ಆ ಎರಡು ದೇಶದ ಹುಡುಗಿಯರು ಮತ್ತೆ ಎದುರಾದರು. ಎಂದಿನಂತೆ ನಾವೇ ಗೆದ್ದೆವು. ಪಂದ್ಯ ಮುಗಿದ ಮೇಲೆ ಯಾರೂ ಯಾರ ಕೈಯನ್ನೂ ಕುಲುಕಲಿಲ್ಲ, ಸುಮ್ಮನೆ ಬೇರೆ ಬೇರೆ ದಿಕ್ಕಿಗೆ ನಡೆದುಹೋದರು. ಕ್ಯಾಂಟೀನಿನಲ್ಲಿ ಚಪ್ಪಾಳೆ ಬಿತ್ತು. ದೊಡ್ಡವರ ಕಾರಣ ದೊಡ್ಡವರಿಗೆ ಗೊತ್ತು, ಅದರ ಸರಿತಪ್ಪು ಹೇಳುವಷ್ಟು ನಾನು ತಿಳಿದವಳಲ್ಲ. ನಾನು ಮಾತ್ರ ಟಿಫಿನ್ ಡಬ್ಬಿ ಮುಚ್ಚಿ ಎದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಬೊಮ್ಮನಹಳ್ಳಿಯ ಬಸ್‌ಸ್ಟಾಪಿನಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಡುವ ಹೊತ್ತು, ನಿನ್ನ ಬಟ್ಟೆಯ ಮೇಲೆಲ್ಲ ದಾರದ ಚೂರು. “ಮಂಜಕ್ಕಾ! ಎಷ್ಟ್ ಸಣ್ಣ ಆಗೋಗಿದೀರ!” ಅಂತ ಕೈ ಹಿಡಿದುಕೊಂಡೆ. ನಾನು ಆವತ್ತು ಕೊಡದ ಕೈಯನ್ನು ನೀನಾಗಿಯೇ ಹಿಡಿದುಕೊಂಡೆ.

“ಆವತ್ತು ಎದ್ರಿಕೊಂಡ್ರಿ ಅಂತ ಗೊತ್ತು ಅಕ್ಕ. ನಾನಾಗಿದ್ರೂ ಎದ್ರಿಕೊಳ್ತಿದ್ದೆ. ಮನಸ್ಸಲ್ಲಿ ಇಟ್ಕೊಂಡಿಲ್ಲ ಬಿಡಿ.” ಆಮೇಲೆ ನೀನೇ ಕೇಳಿದೆ, “ಆ ವಿಡಿಯೋ ಯಾರ್ ತೆಗ್ದಿದ್ದು ಅಂತ ಗೊತ್ತಾಯ್ತಾ?”

“ಇಲ್ಲ ಕಣೇ” ಅಂದೆ ನಾನು. ಎರಡನೆಯ ಸಲ.

ಮಾತು ತಿರುಗಿಸಲು ಆಯಿಷಾಳನ್ನು ವಿಚಾರಿಸಿದೆ. ಈಗಲೂ ಆಡುತ್ತಾಳಾ ಅಂದೆ. “ಬಿಡಿಸ್ಬಿಟ್ಟೆ ಅಕ್ಕ. ಸ್ಕೂಲ್ ಟೀಮಿಗೆ ಕರೆದಿದ್ರು, ಟೀಚರ್ ಮನೆಗೇ ಬಂದಿದ್ರು. ನಾನು ಕಳ್ಸಲ್ಲ ಅಂದೆ. ಅಳ್ತಾಳೆ ದಿನಾ.” ಯಾಕೆ ಅಂತ ಕೇಳಿದೆ. ನೀನು ಬರುವ ಬಸ್ಸಿನ ಕಡೆ ನೋಡುತ್ತಾ ಅಂದೆ: “ಸೋತ್ರೆ ಪರವಾಗಿಲ್ಲ ಅಕ್ಕ. ಗೆದ್ರೆ?”

ಬಸ್ಸು ಬಂತು, ನೀನು ಹತ್ತಿ ಹೋದೆ.

ಕೆಲಸ, ಮನೆ — ಅದನ್ನೆಲ್ಲ ನೀನು ನನ್ನಿಂದ ಕಳೆದುಕೊಂಡೆ ಅಂತ ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಆ ಹುಡುಗಿಯ ಕೈಯಿಂದ ಬಾಲನ್ನು ಕಿತ್ತುಕೊಂಡವಳು ನೀನಲ್ಲ ಶಾಹಿನಾ, ನಾನು.

ಪೂರ್ತಿ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಫೋನ್ ಬದಲಾದಾಗಲೂ ಅಳಿಸಲು ಆಗಲಿಲ್ಲ, ಯಾಕೆ ಅಂತ ಕೇಳಬೇಡ. ಇವತ್ತು ಅದನ್ನು ಅದೇ ಊರ ಗುಂಪಿಗೆ ಹಾಕಿದ್ದೇನೆ, ಕತ್ತರಿಸಿದವಳು ನಾನು ಅಂತ ನನ್ನ ಹೆಸರು ಬರೆದು. ಎಚ್‌ಆರ್ ಸಾಹೇಬರಿಗೂ ಕಳಿಸಿದ್ದೇನೆ, ಈ ಪತ್ರದ ಜೊತೆ ನಿನಗೂ. ನಾಳೆ ಗೇಟಿನಲ್ಲಿ ನನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಮನೆಯಲ್ಲಿ ಈಗಾಗಲೇ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಇದರಿಂದ ನಿನಗೆ ಕಳೆದುಹೋದದ್ದೇನೂ ಹಿಂದಿರುಗುವುದಿಲ್ಲ, ಅದು ನನಗೆ ಗೊತ್ತು.

ಕ್ಷಮಿಸು ಅಂತ ಕೇಳುವುದಿಲ್ಲ. ಬಸ್‌ಸ್ಟಾಪಿನಲ್ಲಿ ನೀನು ಕ್ಷಮಿಸಿದ್ದು ಬೇರೆಯವಳನ್ನು, ಹೆದರಿಕೊಂಡ ಮಂಜಕ್ಕನನ್ನು. ಅಂಥವಳು ಯಾರೂ ಇರಲಿಲ್ಲ. ಆ ಕ್ಷಮೆಯನ್ನು ವಾಪಸು ತೆಗೆದುಕೋ.

ಆದರೆ ವಿಡಿಯೋವನ್ನು ಆಯಿಷಾಗೆ ತೋರಿಸು. ಅವಳು ಕಲಿಸಿಕೊಟ್ಟ ಬಾಲನ್ನು ಅವಳಮ್ಮ ಹೇಗೆ ಹಾಕಿದಳು ಅಂತ ನೋಡಲಿ. ಕೊನೆಯವರೆಗೂ ನೋಡಲಿ. ಕೊನೆಯಲ್ಲಿ ಫೋನಿನ ತುಂಬ ನಿನ್ನ ಕೈ ಬರುತ್ತದೆ, ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿರುತ್ತದೆ, ಆಮೇಲೆ ನಿಧಾನವಾಗಿ ಕೆಳಗಿಳಿಯುತ್ತದೆ.