ಟೇಪು ಮುಟ್ಟದ ಬೆನ್ನು
ಬೀದಿ ತಿರುವಿನ ಟೈಲರಮ್ಮನಿಗೆ ಬೆನ್ನೆಂದರೆ ಭಯ. ಅಳತೆಗೆ ಬಂದವರಿಗೆಲ್ಲ "ನೆಟ್ಟಗೆ ನಿಂತ್ಕೊಳ್ಳಿ" ಎಂದು ಗದರುವ ಅವಳ ಬೆನ್ನೆಲುಬೇ ಚಿಕ್ಕಂದಿನಿಂದ ಸೊಟ್ಟ. ಕೇಳಿದವರಿಗೆ, "ನನ್ನ ಬೆನ್ನಲ್ಲಿ ಇಬ್ಬರು ವಾರಗಿತ್ತಿಯರಿದಾರೆ ಕಣ್ರೀ. ಬಲಗಡೆ ಸ್ನಾಯು ದುಡಿದು ದುಡಿದು ಉಬ್ಕೊಂಡಿದೆ, ಎಡಗಡೇದು ಮುದುಡ್ಕೊಂಡು ಕೂತಿದೆ. ದಿನಾ ವ್ಯಾಯಾಮ ಅಂದ್ರೆ ಅವರಿಬ್ಬರಿಗೂ ರಾಜಿ ಮಾಡಿಸೋದು" ಎಂದು ಹೇಳಿ ನಗಿಸುತ್ತಾಳೆ. ಇಳಿದ ಎಡಭುಜ ಕಾಣದಂತೆ ತನ್ನ ರವಿಕೆಗೆ ಒಳಗಿಂದ ಮೆತ್ತೆ ಇಟ್ಟುಕೊಳ್ಳುತ್ತಾಳೆ. ಯಾರ ಉಡುಪು ಸರಿಯಾಗಿ ಕೂರದಿದ್ದರೂ, "ಬಟ್ಟೆ ಏನ್ ಮಾಡುತ್ತೆ ಪಾಪ, ತಪ್ಪು ನಂದೇ" ಎನ್ನುತ್ತಾಳೆ. ಆದರೆ ಬೆಳೆಯುತ್ತಿರುವ ಮಗಳು ಏನನ್ನಾದರೂ ಎತ್ತಿಕೊಳ್ಳಲು ಬಗ್ಗಿದರೆ ಸಾಕು, ಆ ವಾರಗಿತ್ತಿಯರು ಆ ಎಳೆಯ ಬೆನ್ನಿಗೂ ಬಂದು ಸೇರಿಕೊಂಡರೇನೋ ಎಂಬ ದಿಗಿಲಿಗೆ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತದೆ. ಮಗಳ ಬೆನ್ನಿಗೆ ಟೇಪು ಹಿಡಿಯುವ ಧೈರ್ಯವಿಲ್ಲದೆ, ಹಳೆಯ ಅಂಗಿ ನೋಡಿಯೇ ಹೊಸದನ್ನು ಹೊಲಿಯುತ್ತಾಳೆ. ಮೊನ್ನೆ ಹೊಸ ಅಂಗಿ ತೊಟ್ಟ ಮಗಳು ಕನ್ನಡಿಯ ಮುಂದೆ ನಿಂತು, "ಅಮ್ಮಾ, ಎಡಗಡೆ ಭುಜ ಜಾರ್ತಿದೆ ನೋಡು" ಎಂದಳು. ಟೈಲರಮ್ಮ ತಲೆ ಎತ್ತಲಿಲ್ಲ. "ಬಟ್ಟೇದೇ ತಪ್ಪು ಕಣೇ, ಬಿಚ್ಚಿಕೊಡು" ಎಂದವಳೇ, ಮೆತ್ತೆಗಾಗಿ ಡಬ್ಬಿ ತಡಕತೊಡಗಿದಳು.