ಅಕ್ಕೋರ ಜವಾರಿ

ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆ ಅಕ್ಕೋರು ಎರಡೂ ಕಿವಿಯ ಬೆಂಡೋಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಎಪ್ಪತ್ತು ದಾಟಿದ ಕಿವಿಗಳು; ಬಂಗಾರದ ಭಾರಕ್ಕೆ ತೂತು ಜಗ್ಗಿ ಉದ್ದದ ಗೀರಾಗಿತ್ತು. ಆಮೇಲೆ ತುರುಬು ಬಿಚ್ಚಿ ಇನ್ನೂ ಕೆಳಗೆ, ಕತ್ತಿನ ಹತ್ತಿರ ಕಟ್ಟಿಕೊಂಡು, ಹೆಡ್‌ಫೋನಿನ ಪಟ್ಟಿಯನ್ನು ಎರಡೂ ಕೈಯಿಂದ ಅಗಲಿಸಿ, ಬಾಸಿಂಗ ಕಟ್ಟಿಸಿಕೊಳ್ಳುವ ಮದುಮಗಳ ಗಾಂಭೀರ್ಯದಲ್ಲಿ ತಲೆಗೇರಿಸುತ್ತಿದ್ದರು. ಅಷ್ಟೂ ಮುಗಿಯುವವರೆಗೆ ನಾನು ಬಾಯಿ ತೆರೆಯುವ ಹಾಗಿರಲಿಲ್ಲ.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ಇವರು ಸಂಗೀತದ ಅಕ್ಕೋರು. ಇಸಳೂರಿನ ಮನೆಯ ಮುಂದಿನ ಕೋಣೆಯಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಿದ್ದರು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದೆಲ್ಲ ಬಸ್ಸು ಹಿಡಿದು ಶಿಷ್ಯರು ಬರುತ್ತಿದ್ದರು. ನನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯವನು ನಾನು. ನಮ್ಮ ವಂಶದಲ್ಲಿ ದನಿ ಎತ್ತಿದವರಿದ್ದರೆ ಅದು ಹರಾಜು ಕೂಗುವುದಕ್ಕೆ ಮಾತ್ರ. ಶಿರಸಿಯಲ್ಲಿ ಮೈಕು, ಸ್ಪೀಕರು, ಆಂಪ್ಲಿಫೈಯರುಗಳನ್ನು ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ಆದರೆ ಹೆಡ್‌ಫೋನಿನ ಹುಚ್ಚು ಮಾತ್ರ ತಲೆಗೆ ಹತ್ತಿತ್ತು. ದೊಡ್ಡ ಕಂಪನಿಯದೊಂದನ್ನು ತರಿಸಿಕೊಂಡು, ಅದಕ್ಕೆ ತಕ್ಕ ಆಂಪ್ಲಿಫೈಯರ್ ಕೂಡಿಸಿ, ನೆಟ್ಟಿನಲ್ಲಿ ಸಿಗುವ ಗ್ರಾಫು ನೋಡುತ್ತ ಈಕ್ವಲೈಸರಿನಲ್ಲಿ ದನಿಯನ್ನು ಇಲ್ಲಿ ಏರಿಸಿ ಅಲ್ಲಿ ಇಳಿಸಿ ಕೂರುತ್ತಿದ್ದೆ. ಗಿರಾಕಿ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಹಾಡನ್ನು ಕೇಳುತ್ತೀರೋ ಹೆಡ್‌ಫೋನನ್ನೇ ಕೇಳುತ್ತೀರೋ ಎಂದು ಹೆಂಡತಿ ಹಂಗಿಸುತ್ತಿದ್ದಳು.

ಅಂಥದೇ ಒಂದು ಮಧ್ಯಾಹ್ನ ಅಕ್ಕೋರು ಬಂದು ಕೌಂಟರನ್ನು ಎರಡು ಸಲ ಬೆರಳಿನಿಂದ ಬಡಿದರು.

“ಬರ್ರಿ ಅಕ್ಕೋರ, ಕುಂದರ್ರಿ. ಏನ್ ಬೇಕಾಗಿತ್ರಿ?”

“ನೀವು ಕಿವಿಗೆ ಹಾಕಿದೀರಲ್ಲ, ಅಂಥದು. ಆದ್ರೆ ಅದ್ರಲ್ಲಿ ಜವಾರಿ ಬೇಕು.”

ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಟಿ. ಜವಾರಿ ಕೋಳಿ, ಜವಾರಿ ಬದನೆ. ತಿನ್ನುವುದಕ್ಕೆ ಅದು ಸೈ, ಆದರೆ ಹೆಡ್‌ಫೋನಿಗೆ ಯಾರಾದರೂ ಕೇಳುತ್ತಾರೆಯೇ? ಮುದುಕಿ ಕಮ್ಮಿ ಬೆಲೆಯ ಲೋಕಲ್ ಮಾಲು ಹುಡುಕುತ್ತಿದ್ದಾಳೆ ಎಂದುಕೊಂಡು ಬುದ್ಧಿ ಹೇಳಿದೆ: “ಜವಾರಿ ಮಾಲ್ ನಾವ್ ಇಡೂದಿಲ್ರಿ. ನಾಕ್ ದಿನಕ್ಕ ಕೆಟ್ಟು ಕುಂದರ್ತಾವ. ಕಂಪನಿದು ತಗೋರಿ.”

ಅಕ್ಕೋರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ, ಬಾಯೊಳಗಿನ ಎಲೆಯಡಿಕೆಯ ಕವಳ ಹೊರಗೆ ಬರದಂತೆ ಸೆರಗು ಅಡ್ಡ ಹಿಡಿದು, ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕರು. “ಕೋಳಿದಲ್ಲ ಮಾರಾಯಾ, ತಂಬೂರಿದು” ಎಂದರು. ‘ನೀವು’ ಹೋಗಿ ‘ನೀನು’ ಬಂದದ್ದು ಆ ನಗೆಯ ನಂತರವೇ, ಮತ್ತೆ ಬದಲಾಗಲಿಲ್ಲ.

ತಂಬೂರಿಯ ತಂತಿಗಳು ಒಂದು ಸಣ್ಣ ಹಲಗೆಯ ಮೇಲೆ ಹಾದುಹೋಗುತ್ತವೆ. ಅದಕ್ಕೆ ಕುದುರೆ ಎನ್ನುತ್ತಾರೆ. ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರ ಸಿಕ್ಕಿಸಿರುತ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿಯ ದನಿ ಅರಳುತ್ತದೆ. ಒಂದೇ ತಂತಿಯೊಳಗಿಂದ ಹತ್ತಾರು ಸಣ್ಣ ಸ್ವರಗಳು ಝೇಂಕರಿಸುತ್ತ ಮೇಲೇಳುತ್ತವೆ. ಅದೇ ಜವಾರಿ. ಅದಿಲ್ಲದ ತಂಬೂರಿ ಬರೀ ಟೊಂಯ್ ಎನ್ನುವ ಮರ. ಇಷ್ಟನ್ನೂ ಅಂಗಡಿಯ ಕೌಂಟರಿನ ಮೇಲೆ ಒಂದು ವಾಯರು, ಒಂದು ಸ್ಕ್ರೂಡ್ರೈವರು ಇಟ್ಟು ನನಗೆ ವಿವರಿಸಿದರು.

ಅವರ ಕಷ್ಟ ಇದಾಗಿತ್ತು. ವಯಸ್ಸಿಗೆ ಕಿವಿ ಸವೆದು, ಎತ್ತರದ ದನಿಗಳು ಮೊದಲು ಹೋಗಿಬಿಟ್ಟಿದ್ದವು. ಮಾತು ಕೇಳುತ್ತಿತ್ತು, ಹಾಡು ಕೇಳುತ್ತಿತ್ತು, ಜವಾರಿ ಮಾತ್ರ ಇಲ್ಲ. ಹುಬ್ಬಳ್ಳಿಯ ಡಾಕ್ಟರು ಕಿವಿಗೆ ಮಶಿನ್ನು ಕೊಟ್ಟಿದ್ದರು. ಅದು ಮಾತಿಗೆಂದು ಮಾಡಿದ್ದು. ಎಡೆಬಿಡದೆ ನುಡಿಯುವ ತಂಬೂರಿಯ ನಾದವನ್ನು ಅದು ತನ್ನದೇ ಸಿಳ್ಳೆಯೆಂದು ತಿಳಿದು ಒರೆಸಿ ಹಾಕುತ್ತಿತ್ತು. ಅಕ್ಕೋರ ಕ್ಲಾಸಿನಲ್ಲಿ ತಂಬೂರಿ ಕೂಡಿಸುವ, ಅಂದರೆ ಶ್ರುತಿ ಸೇರಿಸಿ ದಾರ ಕೂರಿಸುವ ಕೆಲಸ ಅವರದೇ. ಶಿಷ್ಯರು ತಮ್ಮ ಊರಿನಿಂದ ತಂಬೂರಿ ಹೊತ್ತು ತಂದು ಅವರ ಕೈಯಿಂದಲೇ ದಾರ ಕೂರಿಸಿಕೊಂಡು ಹೋಗುತ್ತಿದ್ದರು. ಡಬ್ಬಿಯ ಹಾಗಿರುವ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಳ್ಳಬಹುದಲ್ಲ ಎಂದು ನಾನು ಹೇಳಿದೆ. ನಮ್ಮ ಅಂಗಡಿಯಲ್ಲೂ ಇತ್ತು, ಮಾರುವ ಆಸೆಯೂ ಇತ್ತು.

ಹಟ ಬಂದರೆ ಅಕ್ಕೋರು ‘ನಾನು’ ಬಿಟ್ಟು ‘ಆನು’ ಎನ್ನುವ ಮನೆಮಾತಿಗೆ ಇಳಿಯುತ್ತಾರೆಂದು ಅವತ್ತೇ ಗೊತ್ತಾಯಿತು. “ಜವಾರಿ ಕೇಳದಿದ್ರೆ ಆನು ಕ್ಲಾಸ್ ಬಂದ್ ಮಾಡ್ತೆ ತಮಾ. ಯಂಗೇ ಕೇಳದ್ದನ್ನ ಮತ್ತೊಬ್ರಿಗೆ ಕಲಿಸಲೆ ಬತ್ತಿಲ್ಲೆ” ಎಂದರು. ಎಷ್ಟು ವರ್ಷದ ಕ್ಲಾಸೋ ಏನೋ, ಅದನ್ನು ಒಂದೆಳೆ ದಾರಕ್ಕೆ ಕಟ್ಟಿ ತೂಗುಹಾಕಿದಂತಿತ್ತು ಆ ಮಾತು. ನನ್ನ ಹೆಡ್‌ಫೋನನ್ನೇ ತೆಗೆದು ಅವರ ಮುಂದಿಟ್ಟೆ.

ಶನಿವಾರ ಬೆಳಿಗ್ಗೆ ಬೈಕಿನ ಹಿಂದೆ ಸಾಮಾನು ಕಟ್ಟಿಕೊಂಡು ಇಸಳೂರಿಗೆ ಹೋಗುವುದು ಹಾಗೆ ಶುರುವಾಯಿತು. ಕುದುರೆಯ ಹತ್ತಿರ ಒಂದು ಮೈಕು, ಅಲ್ಲಿಂದ ಲ್ಯಾಪ್‌ಟಾಪಿನ ಈಕ್ವಲೈಸರು, ಅಲ್ಲಿಂದ ಆಂಪ್ಲಿಫೈಯರು, ಕೊನೆಗೆ ಹೆಡ್‌ಫೋನು. ಅಂಥ ಹೆಡ್‌ಫೋನು ಫೋನಿಗೆ ಸಿಕ್ಕಿಸಿದರೆ ಮೈಮುರಿದು ಏಳುವುದೇ ಇಲ್ಲ, ಹಿಂದಿನಿಂದ ಆಂಪ್ಲಿಫೈಯರ್ ತಳ್ಳಬೇಕು. ನಾನು ಬಹಳ ಜಾಣತನ ಮಾಡಿ ಹುಬ್ಬಳ್ಳಿಯ ಡಾಕ್ಟರು ಕಿವಿ ಪರೀಕ್ಷೆ ಮಾಡಿ ಕೊಟ್ಟಿದ್ದ ಗ್ರಾಫನ್ನು ತಲೆಕೆಳಗು ಮಾಡಿದ್ದೆ: ಎಲ್ಲಿ ಎಷ್ಟು ಕಿವಿ ಹೋಗಿದೆಯೋ ಅಲ್ಲಿ ಅಷ್ಟೇ ಏರಿಸುವುದು. ಅಕ್ಕೋರು ತಂತಿ ಮೀಟಿದವರೇ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡರು.

“ಮಿಕ್ಸಿ ಒಳಗೆ ಚಮಚ ಬಿದ್ದ ಹಾಗಿದೆ. ಅದೂ ಅಲ್ದೆ, ನನ್ನ ಕೈ ಮುಂದೆ ಹೋಗ್ತದೆ, ದನಿ ಹಿಂದಿಂದ ಬರ್ತದೆ.”

ಎರಡನೆಯ ಮಾತು ಕೇಳಿ ನಾನು ಬೆಚ್ಚಿದೆ. ಲ್ಯಾಪ್‌ಟಾಪಿನೊಳಗೆ ದನಿ ಹೊಕ್ಕು ಹೊರಡುವಾಗ ಒಂಚೂರು ತಡವಾಗುತ್ತದೆ, ಕಣ್ಣು ಮಿಟುಕಿಸುವಷ್ಟೂ ಅಲ್ಲ. ಅಷ್ಟನ್ನೂ ಅವರು ಬಿಡುವವರಾಗಿರಲಿಲ್ಲ. ಲ್ಯಾಪ್‌ಟಾಪ್ ಮನೆಗೆ ಹೋಯಿತು. ಬದಲಿಗೆ ಮೈಕ್ ಸೆಟ್ಟಿನವರು ಬಳಸುವ, ಸಾಲಾಗಿ ಸ್ಲೈಡರುಗಳಿರುವ ಹಳೆಯ ಈಕ್ವಲೈಸರ್ ಪೆಟ್ಟಿಗೆಯನ್ನು ಒರೆಸಿ ತಂದೆ. ಒಂದೊಂದು ಸ್ಲೈಡರಿಗೂ ದನಿಯ ಒಂದೊಂದು ಪಟ್ಟಿ. ಮೇಲೆ ತಳ್ಳಿದರೆ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ತಡ ಎಂಬುದೇ ಇಲ್ಲ.

ಆಮೇಲೆ ಭಾಷೆಯ ತೊಂದರೆ. ನಾನು ಮಾತಾಡುವುದು ಕಿಲೋಹರ್ಟ್ಸಿನಲ್ಲಿ, ಅವರು ಮಾತಾಡುವುದು ಮೈಯ ಭಾಷೆಯಲ್ಲಿ. “ಮೂಗು ಕಟ್ಟಿದೆ” ಎನ್ನುವರು. “ಈಗ ಹಲ್ಲು ಜುಂ ಅಂತು” ಎನ್ನುವರು. “ಎದೆ ಜಾಸ್ತಿ ಆಯ್ತು, ತಲೆ ಎಲ್ಲಿ?” ಎನ್ನುವರು. ನಾನು ಒಂದೊಂದೇ ಸ್ಲೈಡರನ್ನು ಆಡಿಸಿ ಅದು ಯಾವುದೆಂದು ಹುಡುಕಬೇಕು. ಕೊನೆಗೆ ಪೆಟ್ಟಿಗೆಯ ಮೇಲೆ ಬಿಳಿ ಟೇಪು ಅಂಟಿಸಿ ಅಂಕಿಗಳ ಜಾಗದಲ್ಲಿ ಎದೆ, ಗಂಟಲು, ಮೂಗು, ಹಲ್ಲು, ನೆತ್ತಿ ಎಂದು ಬರೆದೆ. ಯಾರಾದರೂ ನೋಡಿದ್ದರೆ ನಾಟಿ ವೈದ್ಯರ ಪೆಟ್ಟಿಗೆ ಎಂದುಕೊಳ್ಳುತ್ತಿದ್ದರು.

ಏರಿಸುವುದರಲ್ಲಿ ಸೋತೆವು. ಜೋರು ಮಾಡಿದರೆ ಅಂಥ ಕಿವಿಗೆ ನೋವಾಗುತ್ತದೆ, ಉಳಿದದ್ದೂ ಕೆಡುತ್ತದೆ. ಆಂಪ್ಲಿಫೈಯರಿನ ಗುಂಡಿಗೆ ಉಗುರುಬಣ್ಣದ ಗುರುತು ಹಚ್ಚಿ, ಅದರಾಚೆ ತಿರುಗಿಸಬಾರದೆಂದು ಕರಾರು ಹಾಕಿದ್ದೆ. ವಾರದ ಮೇಲೆ ವಾರ ಹೋದಾಗ ನನಗೆ ಸಾಕಾಗಿತ್ತು. “ಬಿಡ್ರಿ ಅಕ್ಕೋರ, ಇದು ಆಗೂ ಕೆಲಸಲ್ಲ” ಎಂದು ವಾಯರು ಸುತ್ತತೊಡಗಿದೆ.

“ನೀ ಬಿಟ್ರೆ ಬಿಡು. ಆನು ಬಿಡ್ತ್ನಿಲ್ಲೆ. ವಾಯರ್ ಹಾಂಗೇ ಇಟ್ಟಿಕ್ಕಿ ಹೋಗು.”

ಸಿಟ್ಟಿಲ್ಲ, ಬೇಸರವಿಲ್ಲ, ಅಕ್ಕಿ ಆರಿಸುತ್ತ ಹೇಳುವಂತೆ ಹೇಳಿದರು. ನಾನು ವಾಯರು ಬಿಚ್ಚಿ ಮತ್ತೆ ಕೂತೆ. ಆಗ ಅವರು ಕೇಳಿದರು, “ಹಾಡುವಾಗ ತಂಬೂರಿ ಕೇಳದಿದ್ರೆ ನಾವು ತಂಬೂರಿ ಜೋರು ಮಾಡ್ತೇವಾ, ದನಿ ತಗ್ಗಿಸ್ತೇವಾ? ಇದ್ರಲ್ಲೂ ಎದೆ ತಗ್ಗಿಸು. ಗಂಟಲು ತಗ್ಗಿಸು. ನೆತ್ತಿ ಮುಟ್ಟಬೇಡ.” ಈಕ್ವಲೈಸರಿನ ಪುಸ್ತಕಗಳೂ ಅದನ್ನೇ ಹೇಳುತ್ತವೆ: ಬೇಕಾದ್ದನ್ನು ಏರಿಸುವ ಮುಂಚೆ ಬೇಡದ್ದನ್ನು ಇಳಿಸು. ಓದಿದ್ದೆ, ಆದರೆ ಕೈಗೆ ಬಂದಿರಲಿಲ್ಲ. ಎದೆ, ಗಂಟಲಿನ ಸ್ಲೈಡರುಗಳನ್ನು ಒಂದೊಂದಾಗಿ ಕೆಳಗೆ ಎಳೆದೆ. ಅಕ್ಕೋರು ಕಣ್ಣು ಮುಚ್ಚಿ ಮೀಟುತ್ತ, ಎಡಗೈಯಿಂದ ದಾರ ಸರಿಸುತ್ತ ಇದ್ದರು. ನಿಂತರು. ಮತ್ತೆ ಅದೇ ತಂತಿ ಮೀಟಿದರು.

“ಬಂತು ತಮಾ. ಜೇನು ಎದ್ದಾಂಗೆ ಕೇಳ್ತಾ ಇದ್ದು.”

ಕಣ್ಣು ಮುಚ್ಚಿಕೊಂಡೇ ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಮುಂದೆ ತ್ಯಾಗಲಿ ಊರಿನ ಅವರ ಶಿಷ್ಯೆಯೊಬ್ಬರ ಮೊದಲ ಕಛೇರಿ ಮಂಚಿಕೇರಿಯಲ್ಲಿ ಆಯಿತು. ಅಕ್ಕೋರು ವೇದಿಕೆಯ ಮೇಲೆ, ಎಲ್ಲರ ಎದುರಿಗೆ, ತೆಂಗಿನ ಕರಟದಷ್ಟು ದೊಡ್ಡ ಹೆಡ್‌ಫೋನ್ ಏರಿಸಿ ಎರಡು ತಂಬೂರಿ ಕೂಡಿಸಲು ಕೂತರು. ಪಕ್ಕದಲ್ಲಿ ಎದೆ-ಮೂಗು-ಹಲ್ಲಿನ ಪೆಟ್ಟಿಗೆ ಇಟ್ಟುಕೊಂಡು ನಾನು. ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ.

“ಅಕ್ಕೋರೆ, ವಿಮಾನ ಎಲ್ಲಿಗೆ ಹೊಂಟಿದ್ದು?”

“ಮೇಲಿನ ಸಾ-ಗೆ. ಸುಮ್ನೆ ಕೂತ್ಗಳಿ, ನಿಮ್ಮನ್ನೂ ಕರ್ಕಂಡು ಹೋಗ್ತೆ.”

ಸಭೆ ನಕ್ಕಿತು, ಆಮೇಲೆ ತೆಪ್ಪಗಾಯಿತು. ತಂಬೂರಿ ಕೂಡಿದ ಮೇಲೆ ಅಕ್ಕೋರು ಹೆಡ್‌ಫೋನ್ ತೆಗೆದು ಹಿಂದೆ ಸರಿದು ಕೂತರು. ಇನ್ನು ಅವರಿಗೆ ಜವಾರಿ ಕೇಳುವುದಿಲ್ಲವೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ ಮಾತ್ರ. ಕಛೇರಿ ಮುಗಿಯುವವರೆಗೂ ಹೆಡ್‌ಫೋನ್ ಹಾಕಿಕೊಂಡೇ ಇರಬಹುದಿತ್ತಲ್ಲ ಎಂದು ಬರುವಾಗ ಕೇಳಿದೆ. “ಕೂಡಿಸಿ ಕೊಟ್ಟಾಯ್ತಲ್ಲ. ನನಗೆ ಕೇಳದಿದ್ರೂ ಅದು ಅಲ್ಲಿ ಇರ್ತದೆ” ಎಂದರು.

ಕಿವಿ ಅಲ್ಲಿಗೇ ನಿಲ್ಲಲಿಲ್ಲ. ಹಲ್ಲಿನ ಸ್ಲೈಡರು, ನೆತ್ತಿಯ ಸ್ಲೈಡರು ತಿಂಗಳಿಗೊಂದಿಷ್ಟು ಮೇಲೆ ಹೋಗತೊಡಗಿದವು. ಒಂದು ಶನಿವಾರ ಅವು ತುದಿ ಮುಟ್ಟಿದವು. ಅಕ್ಕೋರು ಇನ್ನೂ ಬೇಕೆಂದು ಕೈಸನ್ನೆ ಮಾಡುತ್ತಲೇ ಇದ್ದರು. ಈ ಮಾತು ನನ್ನ ಬಾಯಿಂದ ಬರಬೇಕಾಯಿತಲ್ಲ ಎಂದು ಸಂಕಟವಾಯಿತು.

“ಇನ್ನ ಏರ್ಸಾಕ ಜಾಗಾ ಇಲ್ರಿ ಅಕ್ಕೋರ.”

ಅವರು ತಂತಿಯ ಮೇಲಿಂದ ಕೈ ತೆಗೆದರು.  ಕ್ಲಾಸು ಬಂದ್ ಮಾಡುತ್ತೇನೆ ಎನ್ನುತ್ತಾರೆಂದು ನಾನು ಕಾದೆ. ಅವರು ಹೆಡ್‌ಫೋನ್ ತೆಗೆದು ನನ್ನ ಕಡೆ ಚಾಚಿದರು.

“ಹಂಗಾರೆ ಇದ್ನ ನೀನೇ ಹಾಕ್ಯ. ದಾರ ಆನು ಸರಿಸ್ತೆ. ಬಂತು ಅಂದ್ಕೂಡ್ಲೆ ಹೇಳು.”

ಶಿಷ್ಯರಿಗೆ ಹೇಳಬಹುದಿತ್ತಲ್ಲ ಎಂದೆ. “ಅವು ಯನ್ನ ಕಂಡ್ರೆ ಹೆದ್ರತ. ಕೇಳದಿದ್ರೂ ‘ಕೇಳ್ತು’ ಹೇಳ್ತ. ನೀ ಅಂಗಡಿಯವ. ‘ಸರಿ ಇಲ್ಲೆ’ ಹೇಳಲೆ ನಿಂಗೆ ಹೆದ್ರಿಕೆ ಇಲ್ಲೆ.”

ನನ್ನ ಕಿವಿಗೆ ಈಕ್ವಲೈಸರು ಬೇಕಿರಲಿಲ್ಲ. ಅವರಿಗಾಗಿ ತಿಂಗಳುಗಟ್ಟಲೆ ಕೂರಿಸಿದ್ದ ಸ್ಲೈಡರುಗಳನ್ನೆಲ್ಲ ಒಂದೊಂದಾಗಿ ನಡುವಿಗೆ ತಂದೆ. ಅಷ್ಟು ಭಾರದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ. ಅಕ್ಕೋರು ನೋಡುತ್ತಿದ್ದರು, ಆದರೆ ತಡೆಯಲಿಲ್ಲ. ಆಮೇಲೆ ತಂತಿ ಮೀಟಿ, ದಾರ ಸರಿಸತೊಡಗಿದರು. ಮರದಂಥ ದನಿ ಮೆಲ್ಲಗೆ ಬಿರಿಯಿತು, ತೆರೆಯಿತು. “ಈಗ” ಎಂದೆ. ಅವರ ಬೆರಳು ನಿಂತಿತು.

“ತಡ ಆತು. ನಿನ್ ಮುಖ ಮೊದ್ಲೇ ಹೇಳ್ತು, ಬಾಯಿ ಆಮೇಲೆ ಹೇಳ್ತು. ಇನ್ನೊಂದ್ಸಲ.”

ಅಂದಿನಿಂದ ಅವರ ಕೈ, ನನ್ನ ಕಿವಿ. ಬಾಯಿ ಮುಖದ ಜೊತೆಗೆ ಓಡುವವರೆಗೆ ಬಿಡಲಿಲ್ಲ. ಎಷ್ಟೋ ಸಲ “ಈಗ” ಎಂದ ಮೇಲೂ ದಾರವನ್ನು ಬೇಕೆಂದೇ ಕೆಡಿಸಿ ಮೊದಲಿನಿಂದ ಹುಡುಕಿಸುತ್ತಿದ್ದರು. ಹರಾಜು ಕೂಗುವವರ ವಂಶದ ಕಿವಿಯನ್ನು ಅವರು ಹೀಗೆ ತಿದ್ದಿದರು. ಕ್ಲಾಸು ಒಂದು ದಿನವೂ ನಿಲ್ಲಲಿಲ್ಲ. ಯಲ್ಲಾಪುರದ ತಂಬೂರಿಗಳೂ ಸಿದ್ದಾಪುರದ ತಂಬೂರಿಗಳೂ ಎಂದಿನಂತೆ ಬಂದು ಅಕ್ಕೋರ ಕೈಯ ದಾರ ಕೂರಿಸಿಕೊಂಡು ಹೋದವು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಬಹಳ ನರಳಲಿಲ್ಲ, ಹಿಂದಿನ ವಾರವೂ ನನ್ನನ್ನು ಕೂರಿಸಿಕೊಂಡು ಒಂದು ತಂಬೂರಿ ಮುಗಿಸಿದ್ದರು. ಕ್ಲಾಸನ್ನು ಈಗ ತ್ಯಾಗಲಿಯ ಶಿಷ್ಯೆ ನಡೆಸುತ್ತಿದ್ದಾರೆ, ಅದೇ ಕೋಣೆಯಲ್ಲಿ. ಸೂತಕ ಕಳೆದು ಮತ್ತೆ ಪಾಠ ಶುರುಮಾಡುವ ದಿನ ಅವರು ನನಗೆ ಫೋನು ಮಾಡಿದರು. “ಅಣ್ಣಾ, ನಿಂಗ ಬಂದು ತಂಬೂರಿ ಕೂಡ್ಸಿ ಕೊಡವು” ಎಂದರು. ಕಿವಿ ಇದೆ, ಕೈ ಇಲ್ಲವಲ್ಲ ಎಂದೆ. ಆದರೂ ಹೋದೆ.

ಚಾಪೆಯ ಮೇಲೆ ತಂಬೂರಿ ಮಲಗಿಸಿ, ಹೆಡ್‌ಫೋನ್ ಹಾಕಿಕೊಂಡು, ಬಲಗೈಯಿಂದ ಮೀಟುತ್ತ ಎಡಗೈಯಿಂದ ದಾರ ಹಿಡಿದೆ.  ಹಿಂದೆ ಸರಿಸಿದೆ, ಮುಂದೆ ಸರಿಸಿದೆ. ದನಿ ಮರವಾಗಿಯೇ ಇತ್ತು. ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಮೆಲ್ಲಗೆ ಬಿರಿಯಿತು, ತೆರೆಯಿತು, ಕೋಣೆಯ ತುಂಬ ಎದ್ದು ನಿಂತಿತು.

“ಈಗ” ಎಂದೆ, ಗಟ್ಟಿಯಾಗಿ. ಶಿಷ್ಯೆ ತಿರುಗಿ ನೋಡಿದರು. ನಿಲ್ಲಬೇಕಾಗಿದ್ದ ಬೆರಳು ನನ್ನದೇ ಆಗಿತ್ತು.