ಅಗಲ ದವಡೆಯ ವೈಸು

ಮೊನ್ನೆ ಸದಾಶಿವನಗರದಲ್ಲಿ ಗೆಳತಿಯೊಬ್ಬಳು ತನ್ನ ಅತ್ತೆಯ ಹಳೆಯ ಟ್ರಂಕು ತೆಗೆಸಿದಳು. ಮುಚ್ಚಳ ಎತ್ತಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯತ್ತ ಹೋದಳು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬೇರೆಯವರಿಗೆ ಅದು ಮಡಿಸಿಟ್ಟ ಸೀರೆಗಳ ವಾಸನೆ. ನನಗೆ ಅದು ಅಪ್ಪನ ಬಿಸ್ಕೀಟು ಡಬ್ಬಿಯ ವಾಸನೆ. ಆ ಡಬ್ಬಿಯಲ್ಲಿ ಹುಂಜದ ಕುತ್ತಿಗೆಯ ಕೆಂಪು ಪುಕ್ಕಗಳು, ನವಿಲುಗರಿಯ ಹಸಿರು ಎಳೆಗಳು, ಜೇನುಮೇಣ ತಿಕ್ಕಿದ ಕಪ್ಪು ರೇಷ್ಮೆ ದಾರ, ಇವೆಲ್ಲ ಇರುತ್ತಿದ್ದವು. ನುಸಿ ಹಿಡಿಯಬಾರದೆಂದು ಅಪ್ಪ ಅದರೊಳಗೆ ಎರಡು ಗುಳಿಗೆ ಹಾಕಿಡುತ್ತಿದ್ದ. ತೀರಿಹೋದವರು ಯಾವ ದಾರಿಯಿಂದ ಬಂದು ಎದುರು ನಿಲ್ಲುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದರೆ ನಾನು ಮುಂದೆ ಹೇಳುವುದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಖಾನಾಪುರದಲ್ಲಿ ಸ್ಟೇಶನ್ ರಸ್ತೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮುಂದಿನ ಕೋಣೆ ಅಪ್ಪನ ಗಡಿಯಾರ ರಿಪೇರಿ ಅಂಗಡಿ, ಹಿಂದಿನ ಎರಡು ಕೋಣೆ ಅವ್ವನ ರಾಜ್ಯ. ನಡುವೆ ಒಂದು ಹೊಸ್ತಿಲು. ಗೋಡೆಯ ಮೇಲಿನ ಹತ್ತು ಗಡಿಯಾರಗಳು ಹತ್ತು ಹೊತ್ತು ತೋರಿಸುತ್ತಿದ್ದವು. ಅವ್ವ ಯಾವುದನ್ನೂ ನಂಬುತ್ತಿರಲಿಲ್ಲ. ಬೆಳಗಾವಿಯ ರೈಲು ಕೂಗಿದ ಮೇಲೆ ಒಲೆ ಹಚ್ಚುತ್ತಿದ್ದಳು. ಬೆಳಗಾವಿಯ ಕ್ಯಾಂಪಿನಲ್ಲಿ ನೆಲೆಸಿದ್ದ, ಕೊಡಗಿನ ಕಡೆಯ ಒಬ್ಬ ನಿವೃತ್ತ ಮೇಜರ್ ಸಾಹೇಬರು ಮಲಪ್ರಭೆಯ ಮಡುಗಳಲ್ಲಿ ಮಹಶೀರ್ ಮೀನು ಹಿಡಿಯಲು ಖಾನಾಪುರಕ್ಕೆ ಬರುತ್ತಿದ್ದರು. ಒಂದು ಸಲ ನಿಂತುಹೋದ ಕೈಗಡಿಯಾರದ ಜೊತೆಗೆ ಅವರು ಕಿಸೆಯಿಂದ ಇನ್ನೊಂದು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಸಣ್ಣದೊಂದು ಗಾಳ, ಅದರ ಮೈಗೆ ಸುತ್ತಿದ್ದ ಪುಕ್ಕ ಮತ್ತು ದಾರ ಬಿಚ್ಚಿಹೋಗಿತ್ತು. ನೀರಿನ ಮೇಲೆ ಹುಳ ಬಿದ್ದಿದೆ ಎಂದು ಮೀನು ನಂಬಬೇಕು, ಅದಕ್ಕಾಗಿ ಕಟ್ಟಿದ ಗೊಂಬೆ. ಅಪ್ಪ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಸುತ್ತು ಸುತ್ತಾಗಿ ಬಿಚ್ಚಿ, ಮತ್ತೆ ಸುತ್ತು ಸುತ್ತಾಗಿ ಕಟ್ಟಿಕೊಟ್ಟ. ಅಂದಿನಿಂದ ಸಾಹೇಬರಿಗೂ ಅವರ ಗೆಳೆಯರಿಗೂ ಅಪ್ಪನೇ ಕಟ್ಟತೊಡಗಿದ. ನಮ್ಮ ಮನೆಯಲ್ಲಿ ಅದಕ್ಕೆ ಹುಳ ಎಂದೇ ಹೆಸರಾಯಿತು.

ಅಪ್ಪ ಲಿಂಗವಂತ, ಮೀನಿನ ವಾಸನೆ ಬಂದರೆ ದಾರಿ ಬದಲಿಸುವವನು. ಆದ್ದರಿಂದ ಮೊದಲ ದಿನವೇ ಒಂದು ಕರಾರು ಹಾಕಿದ್ದ. "ಹಿಡದ ಮೀನ ತಿರಗಿ ನೀರಿಗಿ ಬಿಡ್ತೀನಿ ಅಂದ್ರ ಕಟ್ಟತೀನ್ರಿ ಸಾಹೇಬ್ರ. ಇಲ್ಲಾಂದ್ರ ನನ್ನ ಕೈಲೆ ಆಗೂದಿಲ್ಲ." ಸಾಹೇಬರು ಒಪ್ಪಿದರು, ಕೊನೆಯವರೆಗೂ ಹಾಗೇ ನಡೆದುಕೊಂಡರು. ಪುಕ್ಕಕ್ಕೂ ಒಂದು ಕರಾರು ಇತ್ತು: ಕಿತ್ತ ಪುಕ್ಕ ಬೇಡ, ತಾನಾಗಿ ಉದುರಿದ್ದೇ ಬೇಕು. ಪಾರಿಶ್ವಾಡದಿಂದ ಗಡಿಯಾರ ತರುವ ರೈತರು ಹಿತ್ತಲಲ್ಲಿ ಬಿದ್ದ ಪುಕ್ಕಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಅವ್ವನ ಕರಾರು ಇನ್ನೂ ಬಿಗಿ. ಒಂದೇ ಒಂದು ಪುಕ್ಕ ಹೊಸ್ತಿಲು ದಾಟಬಾರದು, ಹುಳ ಕಟ್ಟಿದ ದಿನ ಸ್ನಾನ ಮಾಡದೆ ಒಳಗೆ ಬರಬಾರದು. "ಮೀನಾ ಮುಟ್ಟೂದಿಲ್ಲ, ಮೀನಕ್ಕ ಊಟಾ ಬಡಸಾಕ ಕುಂತಾರ ನಿಮ್ಮಪ್ಪ" ಎಂದು ಅವಳು ನನ್ನ ಮುಂದೆ, ಅವನಿಗೆ ಕೇಳುವಂತೆ ಹೇಳುತ್ತಿದ್ದಳು. "ಊಟಾ ಅಲ್ಲ ಬಿಡ, ಬರೇ ಆಸಿ ತೋರಸೂದು" ಎಂದು ಮುಂದಿನ ಕೋಣೆಯಿಂದ ಉತ್ತರ ಬರುತ್ತಿತ್ತು. "ಹಂಗಂದ್ರ ನನಗ ಬಂಗಾರದ ಪಾಟ್ಲಿ ಬಳಿ ಮಾಡಸ್ತೀನಿ ಅಂದಂಗ." ಆಮೇಲೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ನಗುತ್ತಿದ್ದರು. ಹೊಸ್ತಿಲಿನ ಮೇಲೆ ಕುಳಿತ ನನಗೆ ಎರಡೂ ನಗು ಕೇಳಿಸುತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಬಲಗೈ ನಡುಗಲು ಶುರುವಾಯಿತು. ಮೊದಲು ಚಿಮಟಿಗೆಯ ತುದಿಯಲ್ಲಿ ಮಾತ್ರ ಕಾಣುವಷ್ಟು. "ಇವತ್ತ ಬೆಳಕ ಸಾಲವಲ್ದು" ಎಂದು ಹೇಳಿ ಕೈಯಲ್ಲಿದ್ದ ಗಡಿಯಾರ ಮುಚ್ಚಿಡುತ್ತಿದ್ದ. ಹೊರಗೆ ಬಿರುಬಿಸಿಲು ಇರುತ್ತಿತ್ತು. ಒಂದು ವರ್ಷದಲ್ಲಿ ನಡುಕ ಎಡಗೈಗೂ ಬಂತು. ಕೂದಲಿನಂಥ ಸ್ಪ್ರಿಂಗುಗಳು ಹಾರಿ ಎಲ್ಲೋ ಬೀಳತೊಡಗಿದವು, ನಾನು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದೆ, ಆಮೇಲಾಮೇಲೆ ಅವನ ಕೈಯ ಕೆಳಗೆ ಬೊಗಸೆಯೊಡ್ಡಿಯೇ ಕೂರತೊಡಗಿದೆ. ಗೋಡೆಯ ಮೇಲಿನ ಗಡಿಯಾರಗಳು ಒಂದೊಂದಾಗಿ ಬೆಳಗಾವಿಯ ಅಂಗಡಿಗಳಿಗೆ ಹೋದವು. ಅವು ಇದ್ದ ಜಾಗದಲ್ಲಿ ಸುಣ್ಣದ ಮೇಲೆ ಬಿಳಿ ಗುರುತುಗಳು ಉಳಿದವು. ಹುಳ ಕಟ್ಟುವ ಕೆಲಸವೊಂದು ಉಳಿದಿತ್ತು. ಅದೂ ಹೋದರೆ ಅಪ್ಪನ ಕೈಗೆ ಮಾಡಲು ಏನೂ ಇರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ತೊಡಕು ಇದ್ದದ್ದು ಗಾಳವನ್ನು ಹಿಡಿಯುವುದರಲ್ಲಿ. ಅಪ್ಪನ ಹತ್ತಿರ ಗಡಿಯಾರದವರು ಬಳಸುವ ಒಂದು ಕೈವೈಸು ಇತ್ತು, ಸಣ್ಣ ದವಡೆಯ ಇಕ್ಕುಳ. ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ದಾರ ಸುತ್ತಬೇಕು. ಎರಡೂ ಕೈ ನಡುಗುವವನಿಗೆ ಅದು ಆಗದ ಮಾತು. ಗಾಳದ ಮೊನೆ ಬೆರಳಿಗೆ ನೆಡುತ್ತಿತ್ತು, ಕೆಂಪು ಪುಕ್ಕದ ಮೇಲೆ ಬಿದ್ದ ರಕ್ತ ಗೊತ್ತಾಗುತ್ತಿರಲಿಲ್ಲ, ಬಿಳಿಯದರ ಮೇಲೆ ಗೊತ್ತಾಗುತ್ತಿತ್ತು. ಒಂದು ದಿನ ಅವ್ವ ಅರಿಶಿನದ ಬಟ್ಟಲು ಹಿಡಿದುಕೊಂಡು ತಾನೇ ಹೊಸ್ತಿಲು ದಾಟಿ ಬಂದಳು. ಬೆರಳಿಗೆ ಅರಿಶಿನ ಒತ್ತುತ್ತ, "ಇನ್ನೊಂದ ಸಲ ರಗತಾ ಕಂಡ್ರ ಈ ಡಬ್ಬಿ ಬಾವ್ಯಾಗ ಒಗೀತೀನಿ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಮೇಜಿಗೆ ಬಿಗಿಯುವ ವೈಸು ಬೇಕು, ಆಗ ಒಂದು ಕೈ ಇನ್ನೊಂದನ್ನು ಆನಿಸಿ ಹಿಡಿಯಬಹುದು ಎಂದು ಅಪ್ಪ ಸಾಹೇಬರಿಗೆ ಹೇಳಿ ಕಳಿಸಿದ. ಅವರು ಒಂದು ವಿಲಾಯತಿ ಪುಸ್ತಕದಿಂದ ಹರಿದ ಹಾಳೆ ತಂದುಕೊಟ್ಟರು. ಅದರಲ್ಲಿ ಎರಡು ವೈಸುಗಳ ಚಿತ್ರವಿತ್ತು.

ಬೆಳಗಾವಿಯ ಉದ್ಯಮಬಾಗದಲ್ಲಿ ಮಾರುತಿ ಮೇಸ್ತ್ರಿ ಎಂಬ ಅಪ್ಪನ ಹಳೆಯ ಸ್ನೇಹಿತನ ಲೇಥ್ ಕಾರ್ಖಾನೆ ಇತ್ತು. ಹಾಳೆ ಅವನಿಗೆ ಹೋಯಿತು. ದೀಪಾವಳಿ ರಜೆಯಲ್ಲಿ ಅಪ್ಪ, ನಾನು ಬೆಳಗಿನ ರೈಲಿಗೆ ಬೆಳಗಾವಿಗೆ ಹೋದೆವು. ಕಾದ ಎಣ್ಣೆ, ಕಬ್ಬಿಣದ ಪುಡಿ, ಚಹಾ, ಎಲ್ಲ ಬೆರೆತ ವಾಸನೆಯ ಆ ಶೆಡ್ಡಿನಲ್ಲಿ ಮೇಸ್ತ್ರಿ ಒಂದು ಡಬ್ಬದ ಮೇಲೆ ಕಾಗದ ಹಾಸಿ ಎರಡು ವೈಸುಗಳನ್ನು ಇಟ್ಟಿದ್ದ. "ಬಸಾ, ಬಸಾ" ಎಂದು ಮರಾಠಿಯಲ್ಲಿ ಕರೆದ. "ಕುಂದರ್ರಿ ಮಾಸ್ತರ್. ಎರಡೂ ಮಾಡೇನಿ, ಒಂದ ಆರಿಸ್ರಿ. ಇನ್ನೊಂದು ನಮ್ಮ ಹುಡುಗೂರಿಗಿ ಅಡಕಿ ಒಡ್ಯಾಕ ಆಕ್ಕೈತಿ." ಒಂದರ ದವಡೆ ಸಣ್ಣದು, ಗುಬ್ಬಿಯ ಕೊಕ್ಕಿನಂತೆ ಚೂಪು. ಇನ್ನೊಂದರದು ಅಗಲ, ಎಮ್ಮೆಯ ತುಟಿಯ ಹಾಗೆ. ಅಪ್ಪ ಕಿಸೆಯಿಂದ ಗಾಳ ತೆಗೆದು ಮೊದಲು ಸಣ್ಣ ದವಡೆಗೆ ಕೊಟ್ಟ. ಅದು ಗಾಳದ ಬಾಗಿನಲ್ಲಷ್ಟೇ ಕಚ್ಚಿಕೊಂಡಿತು, ಮೊನೆ ಹೊರಗೇ ಉಳಿಯಿತು. ಉಗುರಿನಿಂದ ಮೀಟಿದ. ಗಾಳ ಏಕತಾರಿಯ ತಂತಿಯಂತೆ ನುಡಿಯಿತು. ಅಪ್ಪನ ಮುಖ ಅರಳಿದ್ದು ನನಗೆ ಇಂದಿಗೂ ಕಾಣುತ್ತದೆ. ಆಮೇಲೆ ಅಗಲ ದವಡೆಗೆ ಕೊಟ್ಟ. ಅದು ಬಾಗು, ಮೊನೆ, ಎಲ್ಲವನ್ನೂ ಒಳಗೆ ನುಂಗಿ ಕುಳಿತಿತು. ಮೀಟಿದರೆ ಮಂದವಾದ ಒಂದು ಸದ್ದು.

ನಾನು ಸದ್ದಿಗೆ ಕಿವಿಗೊಡಲಿಲ್ಲ. ಮೊನೆ ಕಾಣದಿದ್ದುದನ್ನು ಮಾತ್ರ ನೋಡಿದೆ. ಚುಚ್ಚುವುದಿಲ್ಲ, ರಕ್ತ ಬರುವುದಿಲ್ಲ, ಡಬ್ಬಿ ಬಾವಿಗೆ ಹೋಗುವುದಿಲ್ಲ ಎಂದು ಹದಿಮೂರು ವರ್ಷದ ನನ್ನ ಲೆಕ್ಕ. "ಅಪ್ಪಾ, ಇದ ತಗೋ. ಇದ ಚಲೋ ಐತಿ" ಎಂದು ಅಗಲ ದವಡೆಯದನ್ನು ಎದೆಗೆ ಒತ್ತಿಕೊಂಡೆ. ಅದರ ಭಾರಕ್ಕೆ ನನ್ನ ತೋಳು ಜಗ್ಗುತ್ತಿತ್ತು. ಅಪ್ಪ ಸಣ್ಣದನ್ನು ಕೈಗೆ ತೆಗೆದುಕೊಂಡ, ಕೆಳಗಿಟ್ಟ, ಮತ್ತೆ ತೆಗೆದುಕೊಂಡ. ನನ್ನನ್ನು ಮೇಸ್ತ್ರಿಯ ಹೆಂಡತಿಯ ಹತ್ತಿರ ಚಹಾ ಹೇಳಲು ಕಳಿಸಿದ. ನಾನು ತಿರುಗಿ ಬರುವಷ್ಟರಲ್ಲಿ ಅಗಲ ದವಡೆಯ ವೈಸು ನಮ್ಮ ಚೀಲದಲ್ಲಿತ್ತು. ರೈಲಿನಲ್ಲಿ ಅದನ್ನು ನಾನು ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಎರಡು ವರ್ಷ ಅಪ್ಪ ಅದರಲ್ಲಿ ಹುಳ ಕಟ್ಟಿದ. ಗಾಳ ಇಟ್ಟು ತಿರುಪು ಬಿಗಿಯುವುದು ನನ್ನ ಕೆಲಸ. ಶಾಲೆ ಬಿಟ್ಟು ಬಂದು ಅವನ ಬಲಗಡೆ ಕೂರುತ್ತಿದ್ದೆ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ಒಂದು ಸುತ್ತು ಸುತ್ತಿ ಉಸಿರು ಬಿಡುತ್ತಿದ್ದ. ಮೊದಲು ಗಂಟೆಗೆ ನಾಲ್ಕು ಕಟ್ಟುತ್ತಿದ್ದವನು ಈಗ ದಿನಕ್ಕೆ ಒಂದು ಕಟ್ಟಿದರೆ ಹೆಚ್ಚು. ಆದರೆ ಆ ಒಂದು ಮುಗಿದಾಗ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ರೀತಿ ಹಳೆಯದೇ. ರಕ್ತ ಒಂದು ಸಲವೂ ಬರಲಿಲ್ಲ. ಅವ್ವ ಹೊಸ್ತಿಲಿನ ಆಚೆಯಿಂದಲೇ ಚಹಾ ಚಾಚುತ್ತಿದ್ದಳು. "ಸಡ್ಲ ಹಿಡಿ ಸುಮಿ, ಸಡ್ಲ" ಎಂದು ಅಪ್ಪ ಪ್ರತಿಸಲ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಅವನು ದಾರಕ್ಕೆ ಮೇಣ ತಿಕ್ಕಲು ತಿರುಗಿದಾಗ ಯಾರಿಗೂ ಕಾಣದಂತೆ ತಿರುಪನ್ನು ಇನ್ನರ್ಧ ಸುತ್ತು ಬಿಗಿಯುತ್ತಿದ್ದೆ. ಗಾಳ ಜಾರಿದರೆ ಅಪ್ಪನಿಗೆ ಚುಚ್ಚೀತೆಂಬ ಭಯ.

ಎರಡನೆಯ ವರ್ಷ ಮಳೆಗಾಲ ಮುಗಿದ ಮೇಲೆ ಮೇಜರ್ ಸಾಹೇಬರು ಬಂದರು. ಸಿಟ್ಟಾಗಿರಲಿಲ್ಲ, ಸುಸ್ತಾಗಿದ್ದರು. ಅಂಗೈ ಬಿಚ್ಚಿ ಒಂದು ಹುಳವನ್ನು ಮೇಜಿನ ಮೇಲಿಟ್ಟರು. ಪುಕ್ಕ, ದಾರ ಎಲ್ಲ ನೆಟ್ಟಗಿತ್ತು. ಗಾಳದ ತುದಿ ಇರಲಿಲ್ಲ. "ನಿಮ್ಮ ಕಟ್ಟು ಬಿಚ್ಚಿಲ್ಲ ನೋಡಿ, ಗಾಳವೇ ಮುರಿದಿದೆ. ಇದು ಮೂರನೆಯದು. ಇವತ್ತಿನ ಮೀನು ನನ್ನ ಸೊಂಟದವರೆಗೆ ಬರೋದು" ಎಂದರು. ಅಪ್ಪ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. ಒಂದು ಸಲ ವೈಸಿನ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

"ಮೊನಿ ಎಲ್ಲೈತ್ರಿ?"

"ಮೀನಿನ ಬಾಯಲ್ಲೇ ಉಳೀತು. ಅದಕ್ಕೇನು ಮಾಡೋದಕ್ಕಾಗುತ್ತೆ."

"ಮೂರು ಮೀನಿನ ಬಾಯಾಗ" ಎಂದ ಅಪ್ಪ. ಆಮೇಲೆ, "ನನ್ನ ಕೈದ ತಪ್ಪರಿ ಸಾಹೇಬ್ರ. ಈ ಕೈ ಇನ್ನ ಬ್ಯಾಡ" ಎಂದ. ಸಾಹೇಬರು ಗಾಳ ಬೇರೆ ಕಂಪನಿಯದು ತರಿಸೋಣ ಎಂದರು, ಇನ್ನೂ ಏನೇನೋ ಹೇಳಿದರು. ಅಪ್ಪ ತಲೆ ಅಲ್ಲಾಡಿಸುತ್ತ ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲಿಲ್ಲ. ನಾನು ಒತ್ತಿ ಕೂರಿಸಿದೆ. ಅವತ್ತು ಸ್ನಾನ ಮಾಡಿ ಒಳಗೆ ಹೋದವನು ಮತ್ತೆ ಮುಂದಿನ ಕೋಣೆಯಲ್ಲಿ ಕೂರಲಿಲ್ಲ.

ಕೈಗೆ ಕೆಲಸವಿಲ್ಲದ ಅಪ್ಪನನ್ನು ಅದಕ್ಕೂ ಮೊದಲು ನಾನು ನೋಡಿಯೇ ಇರಲಿಲ್ಲ. ಅವನು ಹಿತ್ತಲ ಕಟ್ಟೆಯ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದ, ಯಾರದೋ ಕೈ ಎಂಬಂತೆ. ನಡುಕ ಕಾಲಿಗೆ ಬಂತು, ಆಮೇಲೆ ನಾಲಿಗೆಗೆ. ಅವ್ವ ತುತ್ತು ಮಾಡಿ ಉಣಿಸುತ್ತಿದ್ದಳು, ಈಗ ಹೊಸ್ತಿಲಿನ ಜಗಳವೂ ಇಲ್ಲ, ನಗುವೂ ಇಲ್ಲ. ನಾನು ಬೆಳಗಾವಿಯಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ ವರ್ಷ ಮಾರುತಿ ಮೇಸ್ತ್ರಿ ಅಪ್ಪನನ್ನು ನೋಡಲು ಬಂದ. ಅಪ್ಪ ಅವನ ಮಾತಿಗೆಲ್ಲ ಕಣ್ಣಲ್ಲೇ ಉತ್ತರ ಕೊಟ್ಟ. ಸ್ಟೇಶನ್ನಿಗೆ ಬಿಡಲು ಹೋದಾಗ ಮೇಸ್ತ್ರಿ, ಸುಮ್ಮನೆ ಹಳೆಯದೇನೋ ನೆನಪಾದವನಂತೆ ನನಗೆ ಹೇಳಿದ: "ಅವತ್ತ ಖರೇ ಹೇಳಿದ್ನಿ ನಿಮ್ಮ ಅಪ್ಪಾರಿಗಿ. ಅಗಲ ದವಡಿ ಬ್ಯಾಡ ಮಾಸ್ತರ್, ಮೊನಿ ಮ್ಯಾಲ ಒತ್ತು ಬಿದ್ರ ಒಳಗ ಬಿರಕ ಬಿಡತೈತಿ, ಕಣ್ಣಿಗಿ ಕಾಣೂದಿಲ್ಲ ಅಂತ. ‘ಗೊತ್ತೈತಿ ಮಾರುತಿ, ಸಡ್ಲ ಹಿಡೀತೀನಿ. ಹುಡುಗಿ ಆರಿಸ್ಯಾಳ, ಇರಲಿ’ ಅಂದ್ರು. ಭಾಳ ಪ್ರೀತಿ ನಿನ್ನ ಮ್ಯಾಲ."

ರೈಲು ಹೋಯಿತು. ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದೆ. ಅವನು ಸಡಿಲ ಹಿಡಿಯಲು ಹೇಳಿದ್ದು, ನಾನು ಕದ್ದು ಬಿಗಿದದ್ದು, ಅವನು ಭೂತಗನ್ನಡಿಯಲ್ಲಿ ಆ ಮುರಿದ ಗಾಳದ ಮೇಲೆ ದವಡೆಯ ಗುರುತು ಕಂಡದ್ದು, ಕಂಡೂ ತಪ್ಪನ್ನು ತನ್ನ ಕೈಯ ಮೇಲೆ ಹಾಕಿಕೊಂಡದ್ದು, ಎಲ್ಲ ಒಂದೊಂದಾಗಿ ತಿಳಿಯುತ್ತ ಹೋಯಿತು. ಅಪ್ಪ ಮೇಸ್ತ್ರಿಗೆ ಒಂದು ಮಾತು ಹೇಳಿ ಕಳಿಸಿದ್ದರೆ ಸಣ್ಣ ದವಡೆಯ ವೈಸು ಬರುತ್ತಿತ್ತು. ಆದರೆ ಅದು ಬಂದ ದಿನ, ಏಕೆ ಬಂತೆಂದು ನನಗೆ ತಿಳಿಯುತ್ತಿತ್ತು. ನಾನು ಹೇಳಬೇಕೆಂದುಕೊಂಡೆ. ಪ್ರತಿ ಶನಿವಾರ ಖಾನಾಪುರಕ್ಕೆ ಬಂದಾಗ ಅವನ ಪಕ್ಕ ಕೂತು, ಅವನ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದು, ಮಾತು ಬಾಯಿಗೆ ತರುತ್ತಿದ್ದೆ. ಅವನು ತಿರುಗಿ ಏನೂ ಹೇಳಲಾರ. ಉತ್ತರ ಕೊಡಲಾಗದವನ ಮುಂದೆ ನನ್ನ ಭಾರ ಇಳಿಸಿಕೊಳ್ಳುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎದ್ದುಬಿಡುತ್ತಿದ್ದೆ. ಇದು ನೆಪ ಎಂದು ಆಗಲೂ ಗೊತ್ತಿತ್ತು. ಒಂದು ಶನಿವಾರ ಬರುವಷ್ಟರಲ್ಲಿ ಮನೆಯ ಮುಂದೆ ಜನ ಕೂಡಿದ್ದರು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಕುಣಿಯೊಳಗೆ ಅಪ್ಪನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿದರು, ಹಣೆಗೆ ವಿಭೂತಿ ಬಳಿದರು. ಸ್ವಾಮಿಗಳು ಅವನ ಎಡ ಅಂಗೈ ಬಿಚ್ಚಲು ಹೇಳಿದರು. ಗಂಡುಮಕ್ಕಳಿಲ್ಲದ ಮನೆ, ನಾನೇ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ಬೆರಳು ಬಿಡಿಸಿದೆ. ಅವನ ಕೊರಳಿನ ಇಷ್ಟಲಿಂಗವನ್ನು ಅದರ ಮೇಲಿಟ್ಟರು. ಎಂಟು ವರ್ಷದ ರೂಢಿ, ನನಗೆ ತಿಳಿಯದೆಯೇ ನನ್ನ ಕೈ ಅವನ ಕೈಯ ಕೆಳಗೆ ಬೊಗಸೆಯಾಗಿ ಚಾಚಿತು. ಹಾಗೇ ಹಿಡಿದುಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ಸ್ವಾಮಿಗಳು ಮೆಲ್ಲಗೆ ಹೇಳಿದರು:

"ಕೈ ತಗಿ ತಾಯಿ. ಈಗ ಬೀಳೂದಿಲ್ಲ."